ಅರ್ಧ ಪುಟಕ್ಕೆ ನಿಲ್ಲುವ ಪೆನ್ನು

ಹೊನ್ನಾವರದ ಬಜಾರಿನಲ್ಲಿ ವಾಚು, ಪೆನ್ನು ರಿಪೇರಿ ಮಾಡುವ ನರೇಶ, ಸುಚಿತಾಳನ್ನು ಮೊದಲ ಸಲ ಕಂಡಾಗ ಅವಳಿಗೆ ಕಿವಿ ಕೇಳುವುದಿಲ್ಲ ಎಂದುಕೊಂಡ. ಅವಳು ಕೌಂಟರಿನ ಮೇಲೆ ಒಂದು ಇಂಕ್ ಪೆನ್ನು ಇಟ್ಟು, ಪಕ್ಕಕ್ಕೆ ಚೀಟಿ ಸರಿಸಿದಳು. 'ಅರ್ಧ ಪುಟ ಬರೆದ ಮೇಲೆ ನಿಲ್ಲುತ್ತದೆ.' ನರೇಶ ಕೈಸನ್ನೆ ಮಾಡುತ್ತ, ಪಕ್ಕದ ಅಂಗಡಿಯವರು ತಿರುಗಿ ನೋಡುವಷ್ಟು ಜೋರಾಗಿ, ಯಾವ ಇಂಕು ಹಾಕುತ್ತೀರಿ ಎಂದು ಕೇಳಿದ.

ಅವಳು ಚೀಟಿಯನ್ನು ವಾಪಸು ಎಳೆದುಕೊಂಡು ಪೆನ್ಸಿಲ್ಲಿನಲ್ಲಿ ಬರೆದಳು: 'ಕಿವಿ ಸರಿ ಇದೆ. ಧ್ವನಿ ಮಾತ್ರ ಇಲ್ಲ. ಮೆಲ್ಲಗೆ ಮಾತಾಡಿ.'

ಓದಿದ ನರೇಶನ ಮುಖ ಬಿಸಿಯಾಯಿತು. ತಲೆ ಎತ್ತಿದರೆ ಅವಳ ಕಣ್ಣು ನಗುತ್ತಿತ್ತು. ಕುತ್ತಿಗೆಗೆ ಕಟ್ಟಿದ ತೆಳ್ಳನೆಯ ಬಿಳಿ ಬಟ್ಟೆ ಉಸಿರಿಗೆ ತಕ್ಕಂತೆ ಏಳುತ್ತ ಬೀಳುತ್ತ ಇತ್ತು.

ಭಟ್ಕಳದ ಹತ್ತಿರದ ಮುಟ್ಟಳ್ಳಿಯವಳು. ಹದಿನಾಲ್ಕು ವರ್ಷ ಒಂದನೆಯ, ಎರಡನೆಯ ಇಯತ್ತೆಯ ಮಕ್ಕಳಿಗೆ ಕಲಿಸಿದ ಅಕ್ಕೋರು. ಎರಡು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಕಂಡು ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕುತ್ತಿಗೆಯಲ್ಲಿ ತೂತು ಮಾಡಿದರು. ಆಮೇಲೆ ಪಾಠ ಇಲ್ಲ, ಶಾಲೆಯ ದಾಖಲೆ ಬರೆಯುವ ಕೆಲಸ. ಮನೆಯಲ್ಲಿ ತಂಗಿ ಅರ್ಚಿತಾ ಒಬ್ಬಳೇ. ಇದೆಲ್ಲ ನರೇಶನಿಗೆ ಒಂದೇ ದಿನ ತಿಳಿದದ್ದಲ್ಲ. ಶನಿವಾರಕ್ಕೊಂದು ಚೀಟಿಯಂತೆ ತಿಳಿಯಿತು.

ಮೊದಲ ವಾರ ಅವನು ಪೆನ್ನು ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದ. ಇಂಕು ಇಳಿಯುವ ಗೀರಿನಲ್ಲಿ ಹಳೆಯ ಇಂಕು ಗಟ್ಟಿಯಾಗಿ ಕೂತಿತ್ತು. ತೊಳೆದು, ಒರೆಸಿ ಕೊಟ್ಟ. ಮುಂದಿನ ಶನಿವಾರ ಅವಳು ಮತ್ತೆ ಬಂದಳು. ಮತ್ತೆ ಅರ್ಧ ಪುಟಕ್ಕೇ ನಿಂತಿತ್ತು. ನಿಬ್ಬಿನ ಎರಡು ಹೋಳು ತೀರ ಅಂಟಿಕೊಂಡಿವೆ ಎಂದು ತೆಳು ಹಿತ್ತಾಳೆ ತಗಡು ತೂರಿಸಿ ಸ್ವಲ್ಪ ಸಡಿಲ ಮಾಡಿದ. ಮೂರನೆಯ ವಾರವೂ ಅದೇ ದೂರು. ಅವನ ಕೈಯಲ್ಲಿ ಆ ಪೆನ್ನು ಎರಡು ಪುಟ ಸರಾಗವಾಗಿ ಓಡುತ್ತಿತ್ತು.

ಫೋನಿನಲ್ಲಿ ಟೈಪ್ ಮಾಡಬಹುದಲ್ಲ ಎಂದು ಒಮ್ಮೆ ಕೇಳಿಯೂ ಬಿಟ್ಟ. ಅವಳು ಬರೆದಳು: 'ಟೈಪ್ ಮಾಡಿದರೆ ಎದುರಿಗಿದ್ದವರು ಬೇರೆ ಕಡೆ ನೋಡ್ತಾರೆ. ಬರೆದರೆ ಹತ್ತಿರ ಬಗ್ಗಿ ಕಾಯ್ತಾರೆ.'

ಅವನು ಆಗ ಬಗ್ಗಿಯೇ ನಿಂತಿದ್ದ. ಥಟ್ಟನೆ ನೆಟ್ಟಗಾದ.

ನಾಲ್ಕನೆಯ ಶನಿವಾರ ಸ್ಟೂಲು ಹಾಕಿ ಅವಳನ್ನು ಕೂರಿಸಿದ. ತನ್ನೆದುರೇ ಒಂದು ಪುಟ ಬರೆಯಬೇಕು, ಎಂತಾದರೂ ಅಡ್ಡಿಲ್ಲ ಎಂದ. ಅವಳು ಸ್ವಲ್ಪ ಯೋಚಿಸಿ ಶುರುಮಾಡಿದಳು: 'ಈ ಅಂಗಡಿಯವರು ಅಕ್ಷರ ನೋಡ್ತಾ ಇಲ್ಲ, ನನ್ನ ಕೈ ನೋಡ್ತಾ ಇದ್ದಾರೆ.'

"ಕೈ ನೋಡದೆ ಪೆನ್ನಿನ ರೋಗ ತಿಳೀದಿಲ್ಲ, ಅಕ್ಕೋರೆ," ಎಂದ ನರೇಶ. ಅವಳು ತುಟಿ ಕಚ್ಚಿಕೊಂಡು ಬರೆಯುತ್ತ ಹೋದಳು.

ಅರ್ಧ ಪುಟ ಆಗುವಾಗ ಅವಳ ಬಲಭುಜ ಮೆಲ್ಲಗೆ ಇಳಿಯಿತು. ಅದರೊಂದಿಗೆ ಮಣಿಕಟ್ಟು ಹೊರಳಿತು, ನಿಬ್ಬು ಓರೆಯಾಗಿ ಅದರ ಒಂದು ಹೋಳು ಕಾಗದದಿಂದ ಮೇಲೆದ್ದಿತು. ಇಂಕು ನಿಂತಿತು. ಆಪರೇಶನ್ನಿನಲ್ಲಿ ಭುಜದ ನರಕ್ಕೆ ಪೆಟ್ಟಾಗಿದೆ ಎಂದು ಅವಳು ಪೆನ್ಸಿಲ್ಲಿನಲ್ಲಿ ತಿಳಿಸಿ, ತಪ್ಪು ಮಾಡಿದವಳಂತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೈ ಹಾಗೇ ಇರ್ಲಿ," ಎಂದ ನರೇಶ. "ನಿಬ್ಬನ್ನ ನಿಮ್ಮ ಕೈಗೆ ಹೊಂದಿಸ್ತೆ."

ಆ ವಾರವೆಲ್ಲ ಅವನು ನಯವಾದ ಕಲ್ಲಿನ ಮೇಲೆ, ಅವಳ ಕೈ ವಾಲುವ ಓರೆಗೆ ನಿಬ್ಬಿನ ತುದಿ ಉಜ್ಜಿದ. ಅವಳಂತೆ ಭುಜ ಇಳಿಸಿ, ಮಣಿಕಟ್ಟು ಹೊರಳಿಸಿ ಬರೆದು ನೋಡಿದ. ತನ್ನ ನಲವತ್ತೊಂದು ವರ್ಷದ ಬಾಳಿನಲ್ಲಿ ಇನ್ನೊಬ್ಬರ ದೇಹದ ನೋವನ್ನು ಹಾಗೆ ತನ್ನ ಮೈಮೇಲೆ ತಂದುಕೊಂಡದ್ದು ಅದೇ ಮೊದಲು. ಶನಿವಾರ ಅವಳು ಮೂರು ಪುಟ ಬರೆದಳು. ನಿಲ್ಲಲಿಲ್ಲ.

ಆದರೂ ಅವಳು ಬರುತ್ತಲೇ ಇದ್ದಳು. ಕ್ಯಾಪು ಸಡಿಲ, ಇಂಕು ತೆಳು, ಕ್ಲಿಪ್ಪು ಬಗ್ಗಿದೆ ಎಂದು ಏನಾದರೊಂದು. ನರೇಶ ಶನಿವಾರ ಶರ್ಟಿಗೆ ಇಸ್ತ್ರಿ ಹಾಕುವುದನ್ನು ಕಲಿತ. ಎರಡು ಗ್ಲಾಸು ಚಾ ತರಿಸಿ, ಒಂದನ್ನು ಅವಳಿಗೆ ಕುಡಿಯಲು ಹದವಾಗುವಷ್ಟು ಆರಿಸಿ ಇಡುತ್ತಿದ್ದ.

ದೀಪಾವಳಿ ಕಳೆದ ಮೇಲೆ ಬರಹದ ಗೆರೆ ತೆಳುವಾಯಿತು. ಅವಳ ದುಂಡನೆಯ ಅಕ್ಷರ ಸಾಲಿನಿಂದ ಕೆಳಗೆ ಜಾರತೊಡಗಿತು, ಒತ್ತಕ್ಷರ ಅರ್ಧಕ್ಕೇ ಬಿಟ್ಟುಹೋಗುತ್ತಿತ್ತು. ಇಂಕು ಸರಿಯಾಗಿ ಬರುತ್ತಿಲ್ಲ ಎಂದು ಅವಳು ದೂರಿದಳು. ನರೇಶ ಪೆನ್ನು ಬಿಚ್ಚಿದ, ತೊಳೆದ, ಭೂತಗನ್ನಡಿ ಹಿಡಿದು ನೋಡಿದ. ಇಂಕು ಚೆನ್ನಾಗಿ ಹರಿಯುತ್ತಿತ್ತು. ಜೂನ್ ತಿಂಗಳ ಚೀಟಿಗಳನ್ನು ಡ್ರಾವರಿನಿಂದ ತೆಗೆದು ಪಕ್ಕದಲ್ಲಿಟ್ಟು ಹೋಲಿಸಿದಾಗ, ಬದಲಾದದ್ದು ಅವಳ ಕೈ ಎಂದು ಅವನಿಗೆ ತಿಳಿಯಿತು.

ಸುಳ್ಳು ಹೇಳಿ ನಿಬ್ಬು ಬದಲಿಸಿ ಕೊಡಬಹುದಿತ್ತು. ಅವಳು ಇನ್ನೆರಡು ಶನಿವಾರ ನಗುತ್ತ ಬರುತ್ತಿದ್ದಳು.

"ಪೆನ್ನಲ್ಲಿ ಎಂತ ದೋಷವೂ ಇಲ್ಲ," ಎಂದ. "ನಿಮ್ಮ ಕೈಯಲ್ಲಿ ಬಲ ಹೋಗ್ತಾ ಇದ್ದು. ಮಣಿಪಾಲಕ್ಕೆ ಹೋಗಿ ತೋರ್ಸಿ."

ಅವಳು ಅವನನ್ನೇ ದಿಟ್ಟಿಸಿದಳು. ಪೆನ್ನನ್ನು ಚೀಲಕ್ಕೆ ಹಾಕಿಕೊಂಡು, ಚೀಟಿ ಬರೆಯದೆ ಹೊರಟುಹೋದಳು. ಮೂರು ಶನಿವಾರ ಚಾ ಆರಿ ಹಾಗೇ ಉಳಿಯಿತು.

ನಾಲ್ಕನೆಯದಕ್ಕೆ ಅರ್ಚಿತಾಳ ತೋಳು ಹಿಡಿದು ಬಂದಳು. ಕಾಯಿಲೆ ಕುತ್ತಿಗೆಯ ಬುಡದಲ್ಲಿ ಮರಳಿ ಬಂದು ಕೈಯ ನರವನ್ನು ಒತ್ತುತ್ತಿತ್ತು, ಶ್ವಾಸಕೋಶಕ್ಕೂ ಇಳಿದಿತ್ತು. ಇನ್ನೊಂದು ಆಪರೇಶನ್ನು ಆಗದು ಎಂದು ಡಾಕ್ಟರು ಹೇಳಿದ್ದನ್ನು ಅರ್ಚಿತಾ ನೆಲ ನೋಡುತ್ತ ತಿಳಿಸಿ, ನೀರು ತರುತ್ತೇನೆಂದು ಆಚೆ ಹೋದಳು.

ನರೇಶ ಕೌಂಟರಿನ ಈಚೆಗೆ ಬಂದು ಸ್ಟೂಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಸುಚಿತಾ," ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಂಗೆ ನೀವು ಬೇಕು. ಎಷ್ಟು ದಿನ ಆದ್ರೂ ಅಡ್ಡಿಲ್ಲ."

ಅವಳು ಎಡಗೈಯಿಂದ ಬಲಗೈ ಒತ್ತಿಹಿಡಿದು ಬರೆದಳು. ಬಹಳ ಹೊತ್ತು ಹಿಡಿಯಿತು. ಅವನು ಬಗ್ಗಿ ಕಾದ. 'ಈಗ ಯಾಕೆ ಹೇಳ್ತೀರಿ?'

"ಮೊದ್ಲೇ ಹೇಳಿದ್ರೆ ಪೆನ್ನು ತಕಂಡು ಬರೋದು ನಿಲ್ಲಿಸ್ತೀರೇನೋ ಅಂತ ಹೆದರಿಕೆ."

ಅವಳ ಕುತ್ತಿಗೆಯ ಬಟ್ಟೆ ನಡುಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಮೊದಲು ತಿಳಿಯಲಿಲ್ಲ, ಎರಡೂ ಇತ್ತು. ಆಮೇಲೆ ಬರೆದದ್ದು ಒಂದೇ ಸಾಲು, ಕೆಳಗೆ ಜಾರುತ್ತ: 'ಕ್ಲಿಪ್ಪು ನಾನೇ ಬಗ್ಗಿಸಿದ್ದು.'

ಅಲ್ಲಿಂದಾಚೆ ನರೇಶ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ ಬಸ್ಸು ಹಿಡಿದು ಮುಟ್ಟಳ್ಳಿಗೆ ಹೋಗತೊಡಗಿದ. ಅವರು ನಿಮಗೆ ಎಂತ ಆಗ್ಬೇಕು ಎಂದು ಕೇಳಿದ ನೆರೆಯವರಿಗೆ ಅರ್ಚಿತಾ "ನಮ್ಮವರು" ಎಂದಷ್ಟೇ ಹೇಳಿದಳು. ಪುಷ್ಯ ಮುಗಿಯುವಾಗ ಸುಚಿತಾಳ ಕೈ ಪೂರ್ತಿ ಸತ್ತಿತು. ನರೇಶ ತುಟಿ ಓದಲು ಕಲಿತ. ಎಷ್ಟೋ ಸಲ ತಪ್ಪಾಗುತ್ತಿತ್ತು. ಅವಳು ದಿಂಬು ಅಂದರೆ ಅವನು ಲಿಂಬು ತಂದು ಕೊಡುತ್ತಿದ್ದ. ಉಸಿರಾಟ ಗೊರಗೊರ ಎನ್ನುವಾಗ ಕುತ್ತಿಗೆಯ ತೂತಿನ ಕಫ ಒರೆಸುವುದನ್ನೂ ಕಲಿತ. ನೋವು ಏರಿದ ದಿನ ಅವಳು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅಂಥ ದಿನ ಅವನು ಜಗಲಿಯಲ್ಲಿ ಕೂತು ಕೊನೆಯ ಬಸ್ಸಿಗೆ ಮರಳುತ್ತಿದ್ದ.

ಅವಳು ತೀರಿಕೊಳ್ಳುವ ಎರಡು ದಿನ ಮೊದಲು, ಮಧ್ಯಾಹ್ನದ ಬಿಸಿಲಲ್ಲಿ ನರೇಶ ಬಂದು ಮಂಚದ ಪಕ್ಕ ಕೂತಾಗ ಅವಳ ತುಟಿ ಅಲ್ಲಾಡಿತು. ನೀರು ಬೇಕೇ ಎಂದ. ಅಲ್ಲ. ಅರ್ಚಿತಾಳನ್ನು ಕರೆಯಲೇ ಎಂದ. ಅಲ್ಲ. ಅವನು ಇನ್ನೂ ಬಗ್ಗಿದ. ಅವಳು ಕಣ್ಣು ಮುಚ್ಚಿ ಉಸಿರು ಕೂಡಿಸಿಕೊಂಡು, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಇಟ್ಟಳು.

"ನರೇಶ, ನೀನು ಉಂಡ್ಯಾ?"

ಇಷ್ಟು ದಿನ ನೀವು, ನಿಮಗೆ ಎಂದೇ ಅಂದವಳು. ಅವನು ಉಂಡಿರಲಿಲ್ಲ. ಹಾಗೆಂದು ಹೇಳಿದ. ಅವಳು ಅಡುಗೆಮನೆಯತ್ತ ಕಣ್ಣು ತಿರುಗಿಸಿದಳು. ಅವನು ಎದ್ದು ಹೋಗಿ, ಮುಚ್ಚಿಟ್ಟಿದ್ದ ಗಂಜಿಯನ್ನೂ ಮಾವಿನ ಮಿಡಿ ಉಪ್ಪಿನಕಾಯಿಯನ್ನೂ ಬಟ್ಟಲಿಗೆ ಹಾಕಿಕೊಂಡು ಬಂದು ಮಂಚಕ್ಕೆ ಆತುಕೊಂಡು ಕೂತ. ನಿಧಾನವಾಗಿ ಉಂಡ. ಬಟ್ಟಲು ಬರಿದಾಗುವವರೆಗೂ ಸುಚಿತಾ ಅವನನ್ನು ನೋಡುತ್ತ ಮಲಗಿದ್ದಳು.