ವಾಸನೆಯ ಮಹಜರು

ಅಕ್ಟೋಬರ್ 19, ಭಾನುವಾರ. ಬೆಳಿಗ್ಗೆ 9.40ಕ್ಕೆ ಮಸ್ಕತ್ತಿನ ಠಾಣೆಗೆ ದೂರು ಬಂತು. ತಂದವನು ಸಮುದ್ರದ ದಂಡೆಯ ಹೋಟೆಲೊಂದರ ಮ್ಯಾನೇಜರ್ ಸುಕೇಶ್. ಕಳುವಾದ ಮಾಲು ಒಂದು ಬಾಟಲಿ ಕೆಂಪು ವೈನ್.

ಠಾಣೆಯಿಂದ ಫೋನ್ ಬಂದಾಗ ದೊರೆಸ್ವಾಮಿ ಬಕೆಟ್ಟು ತಿಕ್ಕುತ್ತಿದ್ದರು. ಸಂಜೆ ನೀರು ತುಂಬುವ ಹಬ್ಬ. ಹಂಡೆ ಇಲ್ಲದ ಫ್ಲಾಟಿನಲ್ಲಿ ಬಕೆಟ್ಟಿಗೇ ಅರಿಸಿನ ಕುಂಕುಮ ಹಚ್ಚಬೇಕೆಂದು ಹೆಂಡತಿ ಸುಶೀಲಮ್ಮ ಅಪ್ಪಣೆ ಮಾಡಿದ್ದರು. "ಹಬ್ಬದ ದಿನವೂ ಕಳ್ಳರಿಗೆ ಬಿಡುವಿಲ್ಲವೇನ್ರೀ?" ಎಂದು ಅವರು ಕೇಳುತ್ತಿದ್ದಂತೆ ದೊರೆಸ್ವಾಮಿ ಅಂಗಿ ತೊಟ್ಟು ಹೊರಟರು.

ದೊರೆಸ್ವಾಮಿ ಮೈಸೂರಿನವರು, ಮಸ್ಕತ್ತಿನ ಅನುವಾದ ಕಚೇರಿಯೊಂದರ ನೌಕರ. ಕನ್ನಡ ಮಾತಾಡುವವರು ಪೊಲೀಸರ ಕೈಗೆ ಸಿಕ್ಕಾಗಲೆಲ್ಲ ಹದಿನೆಂಟು ವರ್ಷಗಳಿಂದ ಅವರಿಗೇ ಕರೆ. ಅವರಪ್ಪ ಮೈಸೂರಿನ ಠಾಣೆಯೊಂದರಲ್ಲಿ ರೈಟರ್ ಆಗಿದ್ದವರು. ಹಾಗಾಗಿ ಅರಬ್ಬಿಯ ಕಾಗದ ಯಾವುದೇ ಇರಲಿ, ದೊರೆಸ್ವಾಮಿಯ ತಲೆಯೊಳಗೆ ಅದು ಎಫ್‌ಐಆರ್, ಪಂಚನಾಮೆ, ಮಹಜರು ಎಂದೇ ಹೆಸರು ಪಡೆಯುತ್ತಿತ್ತು. ಅವರಿಗೆ ಇದ್ದ ಹೆಮ್ಮೆ ಒಂದೇ. ಹೇಳಿದ್ದನ್ನು ಹೇಳಿದ ಹಾಗೆ ದಾಟಿಸುವುದು. ಒಮ್ಮೆ ಆರೋಪಿಯೊಬ್ಬ "ಈ ಬೋಳುತಲೆಯವನಿಗೆ ಬುದ್ಧಿ ನೆಟ್ಟಗಿಲ್ಲ" ಎಂದು ಅವರನ್ನೇ ಬೈದಾಗ, ಬೋಳುತಲೆಯನ್ನೂ ಬಿಡದೆ ಅರಬ್ಬಿಗೆ ತಂದಿದ್ದರು. ಇನ್ಸ್‌ಪೆಕ್ಟರ್ ನಾಸಿರ್ ಅಂದಿನಿಂದ ಬೇರೆ ದುಭಾಷಿಯನ್ನು ಕರೆದಿಲ್ಲ.

ಬೆಳಿಗ್ಗೆ 11.15. ಹೋಟೆಲಿನ ನೆಲಮಾಳಿಗೆ. ಇನ್ಸ್‌ಪೆಕ್ಟರ್ ನಾಸಿರ್, ಕಾನ್‌ಸ್ಟೇಬಲ್ ಶಾಹಿದಾ, ದೊರೆಸ್ವಾಮಿ. ಹುಟ್ಟಿದಾರಭ್ಯ ಒಂದು ತೊಟ್ಟು ಕುಡಿಯದ ದೊರೆಸ್ವಾಮಿಗೆ ಸುತ್ತ ಮಲಗಿದ್ದ ಸಾವಿರಾರು ಬಾಟಲಿಗಳನ್ನು ಕಂಡು ದಿಗಿಲಾಯಿತು. ಮಧ್ಯದ ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ. ಆರು ಬಾಟಲಿಯ ಜಾಗದಲ್ಲಿ ಐದು.

ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ನಲವತ್ತರ ಹೆಂಗಸು ಮಡ್ಲೆನ್ ಕೊರ್ವೆಲ್, ಫ್ರಾನ್ಸಿನ ಬರ್ಗಂಡಿಯವಳು. ನಾಲ್ಕು ತಲೆಮಾರಿನಿಂದ ಅವಳ ಮನೆಯವರು ಅಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದ್ದಾರೆ. ಇದೇ 27ಕ್ಕೆ ಹೋಟೆಲಿನಲ್ಲಿ ಅವರ ವೈನ್‌ಗಳ ಔತಣವಿತ್ತು.

"ಬೆಲೆ?" ಇನ್ಸ್‌ಪೆಕ್ಟರ್ ಕೇಳಿದರು.

"ಇದನ್ನು ಮಾರುವುದಿಲ್ಲ. 2015ರ ಸುಗ್ಗಿಯದು. ಅಪ್ಪ ಮಾಡಿದ ಕೊನೆಯ ವೈನ್. ಲೋಕದಲ್ಲಿ ಉಳಿದಿದ್ದದ್ದು ಆರೇ ಬಾಟಲಿ."

"ಕೊನೆಯ ಸಲ ಎಣಿಸಿದ್ದು?"

"ಗುರುವಾರ 16, ಸಂಜೆ ನಾಲ್ಕಕ್ಕೆ," ಎಂದ ಸುಕೇಶ್. "ಎಣಿಸಿ ಮುಚ್ಚಳಕ್ಕೆ ಮೊಳೆ ಹೊಡೆಸಿದೆ. ಇವತ್ತು ತೆಗೆದರೆ ಐದು."

ಇನ್ಸ್‌ಪೆಕ್ಟರ್ ಮುಚ್ಚಳ ತಿರುಗಿಸಿ ನೋಡಿದರು. ಕಿತ್ತ ಮೊಳೆಗಳು ಅದೇ ತೂತುಗಳಿಗೆ ವಾಪಸು ಹೋಗಿದ್ದವು. ಸುತ್ತಿಗೆಯ ಏಟಿನಿಂದ ಮರಕ್ಕೆ ಗಾಯವಾಗದಂತೆ ಬಟ್ಟೆ ಇಟ್ಟು ಬಡಿದಿದ್ದ ಗುರುತಿತ್ತು. ಕಳ್ಳನಾದರೂ ಪೆಟ್ಟಿಗೆಯ ಮೇಲೆ ಮಮಕಾರ ಇದ್ದವನು.

ಪಂಚನಾಮೆ ಬರೆಯುವಾಗ ಶಾಹಿದಾ ಗೋಡೆಯ ಕಡೆ ಬೆರಳು ತೋರಿಸಿದಳು. ಅಲ್ಲೊಂದು ಕ್ಯಾಲೆಂಡರ್. ಪ್ರತಿ ದಿನದ ಮನೆಯಲ್ಲೂ ಬೇರು, ಎಲೆ, ಹೂವು, ಹಣ್ಣು, ಹೀಗೆ ಒಂದೊಂದು ಚಿತ್ರ. ಶುಕ್ರವಾರ 17ರ ಹಣ್ಣಿನ ಸುತ್ತ ಪೆನ್ಸಿಲಿನ ಗೆರೆ.

"ಇದೇನು?"

"ನಮ್ಮ ಮನೆಯ ಕ್ಯಾಲೆಂಡರ್. ನಮ್ಮದು ಬಯೋಡೈನಮಿಕ್ ಬೇಸಾಯ," ಎಂದಳು ಮಡ್ಲೆನ್. "ರಾಸಾಯನಿಕ ಮುಟ್ಟುವುದಿಲ್ಲ. ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಚಳಿಗಾಲವೆಲ್ಲ ಮಣ್ಣಲ್ಲಿ ಹೂಳುತ್ತೇವೆ. ಆಮೇಲೆ ನೀರಿಗೆ ಕಲಸಿ ತೋಟಕ್ಕೆ ಚಿಮುಕಿಸುತ್ತೇವೆ. ಚಂದ್ರ ಯಾವ ರಾಶಿಯಲ್ಲಿದ್ದಾನೆ ಎಂದು ನೋಡಿ ಕೆಲಸ. ಹಣ್ಣಿನ ದಿನ ವೈನ್ ತನ್ನ ಪೂರ್ತಿ ರುಚಿ ಕೊಡುತ್ತದೆ. ಅಪ್ಪ ಬೇರೆ ದಿನ ಬಾಟಲಿ ತೆಗೆಯಲು ಬಿಡುತ್ತಿರಲಿಲ್ಲ. 27 ಕೂಡ ಹಣ್ಣಿನ ದಿನವೇ."

ಸಗಣಿ, ರಾಶಿ, ಚಂದ್ರ! ಅಷ್ಟು ದೂರದ ಫ್ರೆಂಚರೂ ಪಂಚಾಂಗ ನೋಡಿಯೇ ಮುಚ್ಚಳ ಬಿಚ್ಚುತ್ತಾರೆಂದು ಕೇಳಿ ದೊರೆಸ್ವಾಮಿಗೆ ಮೊದಲ ಬಾರಿಗೆ ಆ ನೆಲಮಾಳಿಗೆ ಸ್ವಲ್ಪ ಹತ್ತಿರದ್ದೆನಿಸಿತು.

"ಹಾಗಾದರೆ ಕಳ್ಳ ಬಾಟಲಿಯನ್ನು ಮಾರಲು ಒಯ್ದಿಲ್ಲ," ಎಂದರು ಇನ್ಸ್‌ಪೆಕ್ಟರ್. "ಗುರುವಾರ ಸಂಜೆ ಒಯ್ದ, ಶುಕ್ರವಾರ ಬಿಚ್ಚಿದ. ಇಲ್ಲಿಯ ಕೀಲಿ ಯಾರ ಹತ್ತಿರ?"

ಕೀಲಿ ಮೂವರ ಹತ್ತಿರವಿತ್ತು. ಸುಕೇಶ್ ಗುರುವಾರ ಎಣಿಕೆ ಮುಗಿಸಿ ದೂರದ ಬುರೈಮಿಗೆ ಹೊರಟಿದ್ದ. ದಾರಿಯ ಪೆಟ್ರೋಲ್ ಬಂಕಿನ ಚೀಟಿ ತೋರಿಸಿದ. ಎರಡನೆಯವನು ಬಾರ್ ನೋಡಿಕೊಳ್ಳುವ ಕ್ಲೇಟನ್, ಮಂಗಳೂರಿನವನು. ಶುಕ್ರವಾರ ಎರಡು ಪಾಳಿ ದುಡಿದಿದ್ದ, ಹೋಟೆಲಿನ ಕೋಣೆಯಲ್ಲೇ ವಾಸ. ಕೋಣೆ ಜಾಲಾಡಿದರೂ ಏನೂ ಸಿಗಲಿಲ್ಲ. ಮೂರನೆಯ ಕೀಲಿ ಆಲ್ಫ್ರೆಡ್‌ದು. ಇಪ್ಪತ್ತಾರು ವರ್ಷದಿಂದ ಈ ನೆಲಮಾಳಿಗೆಯ ಯಜಮಾನ. ಶುಕ್ರವಾರ, ಶನಿವಾರ ರಜೆ.

"ಆಲ್ಫ್ರೆಡ್? ಸಾಧ್ಯವಿಲ್ಲ!" ಮಡ್ಲೆನ್ ಕೂಗಿಯೇಬಿಟ್ಟಳು. "ಅಪ್ಪನ ಸ್ನೇಹಿತ ಅವರು. ಈ ವೈನ್ ಇನ್ನೂ ಪೀಪಾಯಿಯಲ್ಲಿದ್ದಾಗ ಅಪ್ಪನ ಜೊತೆ ಕೂತು ರುಚಿ ನೋಡಿದವರು. ಮಸ್ಕತ್ತಿನಲ್ಲಿ ಒಂದು ಮೂಗು ಇದೆ, ಅದಕ್ಕಾಗಿ ವೈನ್ ಮಾಡಬೇಕು ಎನ್ನುತ್ತಿದ್ದ ಅಪ್ಪ."

ಕ್ಲೇಟನ್ ತಲೆ ತಗ್ಗಿಸಿ ನಿಂತಿದ್ದ. ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದರು.

"ಏನಾದರೂ ಹೇಳಬೇಕಾ?"

"ಹೇಳುವಂಥದ್ದೇನಿಲ್ಲ ಸರ್," ಕ್ಲೇಟನ್ ದೊರೆಸ್ವಾಮಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ. "ಹೋದ ತಿಂಗಳು ಒಂದು ಟೇಬಲ್ಲಿಗೆ ಹಾಳಾದ ಬಾಟಲಿ ಹೋಯ್ತು. ಒದ್ದೆ ರಟ್ಟಿನ ವಾಸನೆ, ನನಗೆ ಮಾರು ದೂರಕ್ಕೆ ಬರ್ತಾ ಇತ್ತು. ಆಲ್ಫ್ರೆಡ್ ಸರ್ ಗ್ಲಾಸಿಗೆ ಮೂಗಿಟ್ಟು ನೋಡಿ 'ಫಸ್ಟ್ ಕ್ಲಾಸ್' ಅಂದ್ರು. ಅವರು ಹಾಗೆ ತಪ್ಪುವವರೇ ಅಲ್ಲ ಮಾರಾಯ್ರೆ. ಅಷ್ಟೇ. ಇದನ್ನು ಬರೀಬೇಡಿ."

ದೊರೆಸ್ವಾಮಿ ಎಲ್ಲವನ್ನೂ ಅರಬ್ಬಿಗೆ ದಾಟಿಸಿದರು. 'ಇದನ್ನು ಬರೀಬೇಡಿ' ಎಂಬುದನ್ನೂ.

ಮಧ್ಯಾಹ್ನ 1.05ಕ್ಕೆ ಆಲ್ಫ್ರೆಡ್ ಬಂದರು. ಐವತ್ತೇಳರ ಪ್ರಾಯ, ಇಸ್ತ್ರಿ ಮುರಿಯದ ಕೋಟು, ಕುಳಿತ ಭಂಗಿಯಲ್ಲೇ ಒಂದು ಅಚ್ಚುಕಟ್ಟು. ಊರು ಉಡುಪಿ ಕಡೆ. ಹೇಳಿಕೆ ಕನ್ನಡದಲ್ಲೇ ಕೊಡುತ್ತೇನೆಂದರು.

"ಗುರುವಾರ ಎಷ್ಟಕ್ಕೆ ಹೊರಟಿರಿ?"

"ಏಳಕ್ಕೆ."

"ಕೈಯಲ್ಲಿ ಚೀಲ ಇತ್ತೇ?"

"ದಿನಾ ಇರ್ತದೆ. ಊಟದ ಚೀಲ."

"ಕ್ಯಾಲೆಂಡರಿಗೆ ಗೆರೆ ಹಾಕಿದ್ದು ಯಾರು?"

"ನಾನೇ. ಪ್ರತಿ ತಿಂಗಳು ಹಾಕ್ತೇನೆ."

ಇನ್ಸ್‌ಪೆಕ್ಟರ್ ಹಿಂದಿನ ಪುಟಗಳನ್ನು ಮಗುಚಿದರು. ಯಾವ ತಿಂಗಳಲ್ಲೂ ಗೆರೆಯಿರಲಿಲ್ಲ. ಆಲ್ಫ್ರೆಡ್ ಅದನ್ನು ನೋಡಿದರು, ಆದರೆ ಗಾಬರಿಯಾಗಲಿಲ್ಲ. "ಮನೆ ನೋಡಿಕೊಳ್ಳಿ ಬೇಕಾದರೆ. ವಾದಿ ಕಬೀರಿನಲ್ಲಿ ಉಂಟು. ನಾನೊಬ್ಬನೇ ಇರುವುದು. ಹೆಂಡತಿ ವಿಕ್ಟೋರಿಯಾ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಾಳೆ," ಎಂದರು.

"ಯಲ್ಲಾ, ಹೋಗೋಣ," ಎಂದು ಇನ್ಸ್‌ಪೆಕ್ಟರ್ ಎದ್ದರು.

ಮಧ್ಯಾಹ್ನ 2.30. ವಾದಿ ಕಬೀರ್. ಕೆಳಗೆ ಕಾರು ರಿಪೇರಿಯ ಗ್ಯಾರೇಜುಗಳು, ಮೇಲೆ ಮೂರನೇ ಮಹಡಿಯಲ್ಲಿ ಆಲ್ಫ್ರೆಡ್ ಅವರ ಎರಡು ಕೋಣೆಯ ಮನೆ. ಬೆಳಿಗ್ಗೆಯಿಂದ ಏಸಿ ಇಲ್ಲದೆ ಮುಚ್ಚಿಟ್ಟಿದ್ದ ಮನೆಯ ಬಾಗಿಲನ್ನು ಆಲ್ಫ್ರೆಡ್ ತೆರೆದರು. ಒಳಗಿನ ಸೆಕೆ ಹೊರಗೆ ನುಗ್ಗಿತು. ಅದರ ಜೊತೆ ವಾಸನೆಯೂ ನುಗ್ಗಿತು.

ಶಾಹಿದಾ ತಲೆವಸ್ತ್ರದ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಕೊಳೆತ ಹಣ್ಣು, ಹುಳಿ, ಅದರಡಿಯಲ್ಲಿ ತಲೆಗೇರುವಂಥ ಇನ್ನೇನೋ. ವೈನಿನ ಗಂಧಗಾಳಿ ಇಲ್ಲದ ದೊರೆಸ್ವಾಮಿಗೂ ಅದೇನೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಬೆಳಿಗ್ಗೆ ನೆಲಮಾಳಿಗೆಯಲ್ಲಿ ಎಳೆಯಾಗಿ ಸುಳಿದದ್ದು ಇಲ್ಲಿ ಗೋಡೆಗಳಿಗೇ ಅಂಟಿತ್ತು.

ಆಲ್ಫ್ರೆಡ್ ನಡುಮನೆಯಲ್ಲಿ ನಿಂತು, ಅತಿಥಿಗಳಿಗೆ ಟೇಬಲ್ ತೋರಿಸುವವರ ಹಾಗೆ ಕೈ ಚಾಚಿದರು. "ನೋಡಿ. ಈ ಮನೆಗೆ ವೈನ್ ಬರುವುದಿಲ್ಲ. ಬಂದಿದ್ದರೆ ಅಡಗಿಸಲಿಕ್ಕೆ ಆಗ್ತದಾ? ಗ್ಲಾಸು ತೊಳೆದಿಟ್ಟರೂ ಎರಡು ದಿನ ವಾಸನೆ ಹೋಗುವುದಿಲ್ಲ. ಬಾಗಿಲು ತೆಗೆಯುವಾಗಲೇ ನಿಮಗೆ ಗೊತ್ತಾಗ್ತಿತ್ತು."

ಈ ಮನುಷ್ಯ ನಮ್ಮನ್ನು ಗೇಲಿ ಮಾಡುತ್ತಿದ್ದಾನೆಯೇ ಎಂದು ದೊರೆಸ್ವಾಮಿ ಮುಖ ನೋಡಿದರು. ಆ ಮುಖದಲ್ಲಿ ಕಪಟವಿರಲಿಲ್ಲ. ಮಾತನ್ನು ನಿಧಾನವಾಗಿ ಅರಬ್ಬಿಗೆ ತಂದರು. ಇನ್ಸ್‌ಪೆಕ್ಟರ್ ದನಿ ತಗ್ಗಿಸಿ ಹೇಳಿದರು: "ಈಗ ಇಲ್ಲಿ ಯಾವ ವಾಸನೆ ಇದೆ ಎಂದು ಕೇಳಿ."

"ಈಗ ಇಲ್ಲಿ ಏನು ವಾಸನೆ ಬರ್ತಿದೆ, ಆಲ್ಫ್ರೆಡ್ ಅವರೇ?"

ಆಲ್ಫ್ರೆಡ್ ಮೂಗೆತ್ತಿ ಗಾಳಿ ಎಳೆದುಕೊಂಡರು. "ಫಿನಾಯಿಲ್. ಮೊನ್ನೆ ನೆಲ ಒರೆಸಿದೆ."

ಫಿನಾಯಿಲಿನ ಸುಳಿವೂ ಅಲ್ಲಿರಲಿಲ್ಲ. ಶಾಹಿದಾ ಅಡುಗೆಮನೆಗೆ ಹೋಗಿ ತೊಟ್ಟಿಯ ಕೆಳಗಿನ ಕಪಾಟು ತೆರೆದಳು. ಮಡಚಿ ತುರುಕಿದ್ದ ಬಿಳಿ ಟವೆಲು ಹೊರಬಂತು, ಅರ್ಧಕ್ಕರ್ಧ ಕಡುಗೆಂಪು. ಹಣ್ಣು ನೊಣಗಳು ಗುಂಯ್ ಎಂದವು. ಅದರ ಹಿಂದೆ ಖಾಲಿ ಬಾಟಲಿ, ಕೊರ್ವೆಲ್ ಮನೆಯ ಚೀಟಿ. ಒಂದಂಗುಲ ಉರಿದ ಮೇಣದಬತ್ತಿ. ಒಂದು ಗ್ಲಾಸು.

ಸಿಕ್ಕಿಬಿದ್ದವರನ್ನು ದೊರೆಸ್ವಾಮಿ ಎಷ್ಟೋ ಕಂಡಿದ್ದರು. ಕೆಲವರು ಅಳುತ್ತಾರೆ, ಕೆಲವರು ಆಣೆ ಹಾಕುತ್ತಾರೆ. ಆಲ್ಫ್ರೆಡ್ ಟವೆಲನ್ನು ನೋಡಿದರು, ಆಮೇಲೆ ಶಾಹಿದಾಳ ಮೂಗಿನ ಮೇಲಿನ ಸೆರಗನ್ನು ನೋಡಿದರು. ದೊರೆಸ್ವಾಮಿಯ ಹತ್ತಿರ ಬಂದು ಮಗುವಿನ ಹಾಗೆ ಕೇಳಿದರು.

"ತುಂಬಾ ಉಂಟಾ?"

"ತುಂಬಾ ಇದೆ."

"ಬಾಗಿಲಿಂದಲೇ?"

"ಬಾಗಿಲಿಂದಲೇ, ಆಲ್ಫ್ರೆಡ್ ಅವರೇ."

ಆಲ್ಫ್ರೆಡ್ ಕುರ್ಚಿ ಎಳೆದು ಕುಳಿತರು. 3.10ಕ್ಕೆ ಮಹಜರು ಮುಗಿಯಿತು. 3.25ಕ್ಕೆ ಬಂಧನ. ಬೇಡಿ ಹಾಕುವ ಮೊದಲು ಇನ್ಸ್‌ಪೆಕ್ಟರ್ ಅವರಿಗೆ ಒಂದು ಲೋಟ ನೀರು ಕೊಟ್ಟರು.

ಠಾಣೆಯಲ್ಲಿ 4.15ರಿಂದ ಹೇಳಿಕೆ.

"ವಾಸನೆ ಬರದಿರುವುದು ಯಾವಾಗಿನಿಂದ?"

"2021ರ ಕೋವಿಡ್ ಜ್ವರದಿಂದ. ಎಲ್ಲರದ್ದೂ ಹೋಯ್ತು, ಎಲ್ಲರದ್ದೂ ವಾಪಸು ಬಂತು. ನನ್ನದು ಬರಲಿಲ್ಲ."

"ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ?"

"ಯಾರಿಗೆ ಹೇಳುವುದು? ನನ್ನ ಹತ್ತಿರ ಇದ್ದದ್ದು ಅದೊಂದೇ. ಬಾಟಲಿಗಳೆಲ್ಲ ನೆನಪಲ್ಲಿ ಉಂಟು, ಹಳೆಯದನ್ನೇ ಹೇಳಿಕೊಂಡು ಬಂದೆ." ಅವರು ಕೈಬೆರಳುಗಳನ್ನು ನೋಡಿಕೊಂಡರು. "ಹೋದ ತಿಂಗಳು ಊರಿಗೆ ಹೋಗಿ ಮೊಮ್ಮಗಳನ್ನು ನೋಡಿ ಬಂದೆ. ಹನ್ನೆರಡು ದಿನದ ಕೂಸು. ಎತ್ತಿಕೊಂಡು ನೆತ್ತಿ ಮೂಸಿದೆ. ಎಂತದೂ ಇಲ್ಲ. ಗೋಡೆಗೆ ಮೂಗಿಟ್ಟ ಹಾಗೆ."

ದೊರೆಸ್ವಾಮಿ ದಾಟಿಸಿದರು. ಮೂರು ಮಕ್ಕಳ ತಂದೆ ನಾಸಿರ್ ಪೆನ್ನು ಕೆಳಗಿಟ್ಟರು.

"ಬಾಟಲಿ ಯಾಕೆ ತೆಗೆದಿರಿ?"

"ಅದಾದರೂ ಬರ್ತದೋ ನೋಡಲಿಕ್ಕೆ. ಎಲ್ಲಕ್ಕಿಂತ ನನಗೆ ಚೆನ್ನಾಗಿ ಗೊತ್ತಿದ್ದದ್ದು ಆ ವೈನ್. ಅದೂ ಬರದಿದ್ದರೆ ಇನ್ನು ಬರುವುದಿಲ್ಲ, ಖಲಾಸ್. ಹಣ್ಣಿನ ದಿನಕ್ಕೆ ಕಾದೆ. ಮೇಣದಬತ್ತಿಯ ಬೆಳಕಲ್ಲಿ ಗಸಿ ಬೀಳದ ಹಾಗೆ ಬಗ್ಗಿಸಿದೆ. ಒಂದು ಗಂಟೆ ಗಾಳಿಗೆ ಬಿಟ್ಟೆ. ಒಂದೂ ತಪ್ಪು ಮಾಡಲಿಲ್ಲ."

"ಆಮೇಲೆ?"

"ನೀರು. ಕೆಂಪು ನೀರು. ಕೈ ತಪ್ಪಿ ಚೆಲ್ಲಿತು, ಟವೆಲಿನಲ್ಲಿ ಒರೆಸಿದೆ. ಉಳಿದದ್ದನ್ನು ತೊಟ್ಟಿಗೆ ಸುರಿದೆ. ಬಾಟಲಿ ಎಸೆಯಲಿಕ್ಕೆ ಮನಸ್ಸು ಬರಲಿಲ್ಲ, ವಾಸನೆ ಇಲ್ಲದಿದ್ದರೆ ಕಪಾಟು ಯಾರು ತೆಗೀತಾರೆ ಅಂದುಕೊಂಡೆ. ಟವೆಲು ಮರೆತೇಹೋಯ್ತು. ನೆನಪು ಮಾಡಲಿಕ್ಕೆ ವಾಸನೆ ಬೇಕಲ್ಲ."

ಇನ್ಸ್‌ಪೆಕ್ಟರ್ ಕೇಳಿದ ಕೊನೆಯ ಪ್ರಶ್ನೆ ಕಡತಕ್ಕೆ ಬೇಕಾದದ್ದಾಗಿರಲಿಲ್ಲ. "ಅದು ಹೇಗಿರಬೇಕಿತ್ತು?"

ಆಲ್ಫ್ರೆಡ್ ಕಣ್ಣು ಮುಚ್ಚಿದರು. "ಮೊದಲು ಮಳೆಗೆ ನೆಂದ ಮಣ್ಣು ಬರಬೇಕಿತ್ತು. ಮತ್ತೆ ಕಪ್ಪು ಚೆರ್ರಿ. ಮತ್ತೆ ಪುಸ್ತಕದಲ್ಲಿಟ್ಟ ಗುಲಾಬಿ ಎಸಳು. ಕೊನೆಗೆ, ನುಂಗಿದ ಮೇಲೆ, ಪುನರ್ಪುಳಿಯ ಸಿಪ್ಪೆ ಬಿಸಿಲಿಗೆ ಹಾಕಿದಾಗ ಅಂಗಳದಲ್ಲಿ ಬರ್ತದಲ್ಲ, ಅದು ಬರಬೇಕಿತ್ತು."

ಸಂಜೆ 5.30. ದೊರೆಸ್ವಾಮಿ ಹೊರಬಂದಾಗ ಪಡಸಾಲೆಯ ಬೆಂಚಿನ ಮೇಲೆ ಮಡ್ಲೆನ್ ಕುಳಿತಿದ್ದಳು. ಬಾಟಲಿ ತನ್ನದು, ಸುಕೇಶ್ ಕೊಟ್ಟ ದೂರನ್ನು ಹಿಂದಕ್ಕೆ ಪಡೆಯಬೇಕು ಎಂದು ಕೇಳಲು ಬಂದಿದ್ದಳು. ಮದ್ಯವನ್ನು ಪರವಾನಗಿ ಇಲ್ಲದೆ ಹೊರಗೆ ಸಾಗಿಸಿದ ಆಪಾದನೆ ಅವಳ ಕೈಯಲ್ಲಿಲ್ಲ, ಕೇಸು ಕೋರ್ಟಿಗೆ ಹೋಗಲೇಬೇಕು, ಬಹುಶಃ ಆಲ್ಫ್ರೆಡ್ ಈ ದೇಶ ಬಿಡಬೇಕಾಗುತ್ತದೆ ಎಂದು ಅವಳಿಗೆ ಆಗಲೇ ತಿಳಿಸಿದ್ದರು. ಹೇಳಿಕೆ ಅರಬ್ಬಿಯಲ್ಲಿತ್ತು. ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಕುಡಿದರಂತೆಯೇ?" ಅವಳು ಇಂಗ್ಲಿಷಿನಲ್ಲಿ ಕೇಳಿದಳು. "ಹತ್ತು ವರ್ಷದ ಮೇಲೆ ಅದು ಹೇಗಿದೆಯೆಂದು ನನಗೂ ಗೊತ್ತಿಲ್ಲ. ಇಲ್ಲಿಯವರೆಗೆ ಬಿಚ್ಚಲು ಭಯ. ಕೆಟ್ಟಿದ್ದರೆ ಅಪ್ಪ ಎರಡನೇ ಸಲ ಸತ್ತ ಹಾಗೆ. ಹೇಗಿತ್ತು ಅಂದರು?"

ಕೆಂಪು ನೀರು ಎಂಬ ಮಾತು ದೊರೆಸ್ವಾಮಿಯ ನಾಲಿಗೆಯ ತುದಿಯಲ್ಲಿತ್ತು. ಹದಿನೆಂಟು ವರ್ಷ ಒಂದಕ್ಷರ ಅತ್ತಿತ್ತ ಮಾಡದ ನಾಲಿಗೆ ಅದು.

"ಮೊದಲು ಮಳೆಗೆ ನೆಂದ ಮಣ್ಣು ಬಂತಂತೆ," ಎಂದರು ದೊರೆಸ್ವಾಮಿ. "ಮತ್ತೆ ಕಪ್ಪು ಚೆರ್ರಿ. ಮತ್ತೆ ಪುಸ್ತಕದಲ್ಲಿಟ್ಟ ಗುಲಾಬಿ ಎಸಳು. ಕೊನೆಗೆ ಪುನರ್ಪುಳಿ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿಲ್ಲ."

ಬೇರೆ ಒಂದು ಮಾತನ್ನೂ ಅವರು ಸೇರಿಸಲಿಲ್ಲ. 'ಬರಬೇಕಿತ್ತು' ಎಂದಿದ್ದ ಕಡೆ 'ಬಂತು' ಎಂದರು, ಅಷ್ಟೇ.

"ಪುನರ್ಪುಳಿ!" ಮಡ್ಲೆನ್ ದೊರೆಸ್ವಾಮಿಯ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. "ಆಲ್ಫ್ರೆಡ್ ಕಳಿಸಿದ ಒಣ ಸಿಪ್ಪೆಯ ಪೊಟ್ಟಣ ಇನ್ನೂ ಅಪ್ಪನ ಪೀಪಾಯಿಯ ಮೇಲೇ ಇದೆ. ಎಸೆಯಲು ನಾನು ಬಿಡಲಿಲ್ಲ. ಇದೇ, ಇದೇ ನನ್ನ ವೈನಿನ ವಾಸನೆ ಅನ್ನುತ್ತಿದ್ದ ಅಪ್ಪ. ಹಾಗಾದರೆ ಕೆಟ್ಟಿಲ್ಲ." ಆಮೇಲೆ ಹೇಳಿದಳು: "ಸರಿಯಾದವರೇ ಕುಡಿದರು. ಅವರಿಗೆ ಹಾಗೆಂದು ಹೇಳುತ್ತೀರಾ?"

ಮನೆಯಿಂದ ಸುಶೀಲಮ್ಮ ಮೂರು ಸಲ ಫೋನ್ ಮಾಡಿದ್ದರು. ದೊರೆಸ್ವಾಮಿ ಫೋನನ್ನು ಜೇಬಿಗೆ ಹಾಕಿ ಇನ್ಸ್‌ಪೆಕ್ಟರ್ ಬಳಿ ಅನುಮತಿ ಕೇಳಿ ಲಾಕಪ್ಪಿನ ಕಡೆ ನಡೆದರು. ಆಲ್ಫ್ರೆಡ್ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ಮಡ್ಲೆನ್ ಕೇಳಿದ್ದನ್ನು ದೊರೆಸ್ವಾಮಿ ಹೇಳಿದರು. ತಾವು ಕೊಟ್ಟ ಉತ್ತರವನ್ನೂ ಹೇಳಿದರು, ಮುಚ್ಚಿಡಲಿಲ್ಲ. ಆಮೇಲೆ ಅವಳ ಕೊನೆಯ ಮಾತನ್ನು ಕನ್ನಡಕ್ಕೆ ತಂದರು, ಒಂದಕ್ಷರವನ್ನೂ ಬದಲಿಸದೆ.

"ಸರಿಯಾದವರೇ ಕುಡಿದರು."

ಆಲ್ಫ್ರೆಡ್ ಕೋಟಿನಲ್ಲಿ ಮುಖ ಹುದುಗಿಸಿ ಅತ್ತರು. ಕೋಟಿಗೂ ಆ ವೈನಿನ ವಾಸನೆ ಹತ್ತಿತ್ತು. ಅದು ದೊರೆಸ್ವಾಮಿಗೆ ಕಂಬಿಯ ಈಚೆಗೂ ಬರುತ್ತಿತ್ತು.