ಏಕಾದಶಿ ಮಾಡಿದ ಮೀನು

೨೦೦೬ರ ನವೆಂಬರ್ ೩, ಶುಕ್ರವಾರ. ಬೆಳಿಗ್ಗೆ ೯.೨೦ಕ್ಕೆ ದೆಹಲಿಯ ಮಯೂರ್ ವಿಹಾರದ ಪೊಲೀಸ್ ಠಾಣೆಗೆ ಒಂದು ಕಳವಿನ ದೂರು ಬಂತು. ಕಳುವಾದದ್ದು ಮೀನು.

ದೂರುದಾರ ಚಂದ್ರಮೋಹನ, ಕೇಂದ್ರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್, ಹತ್ತಿರದ ಹೌಸಿಂಗ್ ಸೊಸೈಟಿಯ ಬಿ-೪೦೨ರ ನಿವಾಸಿ. ದೂರನ್ನು ಮೂರು ಪ್ರತಿ ಮುದ್ರಿಸಿಕೊಂಡೇ ಬಂದಿದ್ದ. ಅವನ ಮೇಲಧಿಕಾರಿಯಾದ ಜಂಟಿ ಕಾರ್ಯದರ್ಶಿಗಳು ಮೂರು ತಿಂಗಳ ತರಬೇತಿಗೆಂದು ವಿದೇಶಕ್ಕೆ ಹೋಗುವಾಗ ತಮ್ಮ ಅದೃಷ್ಟದ ಅರೊವಾನಾ ಮೀನನ್ನು ಅವನ ಮನೆಯಲ್ಲಿ ಬಿಟ್ಟು ಹೋಗಿದ್ದರು. ದೂರಿನ ಪ್ರಕಾರ, ಇಂದು ಏಳು ಗಂಟೆಗೆ ಮೀನು ತೊಟ್ಟಿಯಲ್ಲಿತ್ತು. ಏಳು ಐದಕ್ಕೆ ಮನೆಗೆಲಸದ ರತ್ನಾ ಬಂದಳು, ಎಂಟೂಕಾಲಿಗೆ ಹೋದಳು, ಆಮೇಲೆ ಮೀನಿಲ್ಲ. "ಸದರಿ ಮಹಿಳೆ ಬಂಗಾಳಿಯಾಗಿದ್ದು, ಮೀನು ತಿನ್ನುವವಳಾಗಿರುತ್ತಾಳೆ" ಎಂಬುದು ಕೊನೆಯ ಸಾಲು.

ಇನ್‌ಸ್ಪೆಕ್ಟರ್ ಕೇಶವಮೂರ್ತಿ ಆ ಸಾಲನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದ ಗುಮಾಸ್ತರ ಮಗ ಅವನು. ಇಂಥ ಕಾಗದಗಳ ವಾಸನೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಮೀನು ಎಷ್ಟು ದೊಡ್ಡದು?"

"ಒಂಬತ್ತು ಇಂಚು ಸಾರ್, ಬೆಳ್ಳಿ ಬಣ್ಣ. ಎಫ್‌ಐಆರ್ ಪ್ರತಿ ಇವತ್ತೇ ಸಿಗುತ್ತಾ?"

"ಮೊದ್ಲು ಮೀನು ಸಿಗಲಿ."

"ಸಿಗದಿದ್ರೂ ಪರವಾಗಿಲ್ಲ ಸಾರ್. ಸಾಹೇಬ್ರು ಸೋಮವಾರ ಬರ್ತಾರೆ. ಪ್ರತಿ ಒಂದಿದ್ರೆ ಸಾಕು."

ಇಂಥದ್ದನ್ನು ಡೈರಿಯಲ್ಲಿ ಬರೆದು ಕಳಿಸಿಬಿಡುವುದೇ ಸರಿ. ಆದರೆ ೯.೫೦ಕ್ಕೆ ದೂರು ದಾಖಲಿಸಿ ಎಂದು ಮೇಲಿನಿಂದ ಫೋನು ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಇಲಾಖೆ. ಮನೆಯಾಳಿನಿಂದ ಕಳವು, ಐಪಿಸಿ ೩೮೧ ಎಂದು ಎಫ್‌ಐಆರ್ ದಾಖಲಾಯಿತು.

೧೦.೩೦ಕ್ಕೆ ರತ್ನಾಳನ್ನು ಕರೆತಂದರು. ನಲವತ್ತರ ಹೆಂಗಸು. ಮಹಿಳಾ ಕಾನ್‌ಸ್ಟೇಬಲ್ ಪಕ್ಕದ ಬೆಂಚಿನಲ್ಲಿ ನೆಟ್ಟಗೆ ಕೂತಳು.

"ಮೀನು ತಗೊಂಡ್ಯಾ?"

"ಇಲ್ಲ ಸಾಬ್. ನಾವು ತಿನ್ನೋದು ರೋಹು ಮೀನು. ಶೋಕೇಸಿನ ಮೀನು ಯಾರು ತಿಂತಾರೆ?"

"ತೊಟ್ಟಿ ಮುಟ್ಟಿದ್ಯಾ?"

"ಮುಟ್ಟಿಲ್ಲ. ಸಾಬ್, ಗೇಟಿನ ಪುಸ್ತಕದಲ್ಲಿ ಆಗ್ಲೇ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದಾರೆ. ಆ ಸೊಸೈಟೀಲಿ ಐದು ಮನೆ ನನಗೆ. ಒಂದು ಸಲ ಗೆರೆ ಬಿದ್ರೆ ಪಕ್ಕದ ಸೊಸೈಟಿಯವ್ರೂ ಒಳಗೆ ಬಿಡಲ್ಲ."

ಕೇಶವಮೂರ್ತಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಇನ್ನೂ ಗೊತ್ತಿರಲಿಲ್ಲ, ಅಷ್ಟೇ.

೧೧.೪೫ಕ್ಕೆ ಬಿ-೪೦೨ರಲ್ಲಿ ಪಂಚನಾಮೆ. ಜೊತೆಗೆ ರೋಹ್ತಕ್ ಕಡೆಯ ಕಾನ್‌ಸ್ಟೇಬಲ್ ಹನುಮಂತ್ ಸಿಂಗ್. ಪಂಚರಾಗಿ ಎದುರು ಫ್ಲ್ಯಾಟಿನ ಒಬ್ಬರು, ಮತ್ತು ಮಾರ್ಕೆಟ್ಟಿನಲ್ಲಿ ದೋಸೆ ಹೋಟೆಲು ನಡೆಸುವ ಕುಂದಾಪುರ ಕಡೆಯ ಸುಧಾಕರ.

ಬಾಲ್ಕನಿಯಲ್ಲಿ ತುಳಸಿ ಕಟ್ಟೆಗೆ ಕಬ್ಬು, ನೆಲ್ಲಿ ಕೊಂಬೆ ಕಟ್ಟಿತ್ತು. ಅಂದು ತುಳಸಿ ಹಬ್ಬ. ನಡುಮನೆಯಲ್ಲಿ ನಾಲ್ಕಡಿ ಗಾಜಿನ ತೊಟ್ಟಿ. ಅದರ ತಳದಲ್ಲಿ ಇನ್ನೊಂದು ಮೀನು ಅಲುಗಾಡದೆ ಬಿದ್ದಿತ್ತು. ಒಂದೂವರೆ ಅಡಿ ಉದ್ದ, ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕೆಂಪು ಬಾಲ, ಉದ್ದ ಮೀಸೆ. ಹೊಟ್ಟೆ ಊದಿಕೊಂಡಿತ್ತು.

"ಇದು ಯಾವುದು?"

"ಶಾರ್ಕ್ ಸಾರ್," ಎಂದ ಚಂದ್ರಮೋಹನ. "ನಮ್ಮದೇ. ಹೋದ ವರ್ಷ ತಂದಾಗ ಬೆರಳಷ್ಟಿತ್ತು. ತೊಟ್ಟಿಯ ತಳ ಕ್ಲೀನ್ ಮಾಡುತ್ತೆ ಅಂದಿದ್ದ ಅಂಗಡಿಯವನು."

ಸುಧಾಕರ ಬಗ್ಗಿ ನೋಡಿದ. "ಶಾರ್ಕೂ ಅಲ್ಲ, ಎಂತದೂ ಅಲ್ಲ. ಮೀಸೆ ಕಾಣುದಿಲ್ವಾ? ನಮ್ಮೂರಲ್ಲಿ ತೇಡೆ ಅಂತಾರಲ್ಲ, ಆ ಮೀಸೆ ಮೀನಿನ ಜಾತಿಯದ್ದು, ಆದ್ರೆ ಪರದೇಶದ್ದು. ಗುಡಗಾಂವಿನ ಗಿರಾಕಿಯೊಬ್ರ ತೋಟದ ಕೊಳದಲ್ಲಿ ಉಂಟು, ಆಳುದ್ದ ಬೆಳೆದಿದೆ. ಇದರ ಬಾಯಿ ನೋಡಿ ಸಾರ್. ಅದ್ರಲ್ಲಿ ಹಿಡಿಸಿದ್ದನ್ನೆಲ್ಲ ನುಂಗ್ತದೆ."

"ನಿಮ್ಮದು ಸಸ್ಯಾಹಾರಿ ಹೋಟೆಲಲ್ವೇನ್ರಿ?"

"ಹೋಟೆಲು ಸಸ್ಯಾಹಾರಿ ಸಾರ್. ನಾನಲ್ಲ."

ಕೇಶವಮೂರ್ತಿ ಮತ್ತೊಮ್ಮೆ ತುಳಸಿಯ ಕಡೆ ನೋಡಿದ. ಹಿಂದಿನ ದಿನ ಅವನ ತಾಯಿ ಬರೀ ಹಾಲು ಹಣ್ಣಿನಲ್ಲಿ ದಿನ ಕಳೆದಿದ್ದರು.

"ನಿನ್ನೆ ಏಕಾದಶಿ. ಮೀನಿಗೆ ಏನು ಹಾಕಿದ್ರಿ?"

ಅಡುಗೆಮನೆ ಬಾಗಿಲಿನಿಂದ ಚಂದ್ರಮೋಹನನ ಹೆಂಡತಿ ಲೀಲಾವತಿ ಹೇಳಿದಳು. "ಏನೂ ಹಾಕಲಿಲ್ಲ. ಆ ಸಿಗಡಿ ಗುಳಿಗೆ ನಾರುತ್ತೆ ಅಂತ ದೀಪಾವಳಿಯಿಂದ ನಿಲ್ಲಿಸಿದ್ವಿ. ಕಾರ್ತಿಕ ಮಾಸ ಅಲ್ವಾ? ಮೊಸರನ್ನ ಹಾಕ್ತಿದ್ದೆ. ಏಕಾದಶಿ ದಿನ ಅನ್ನ ಹೇಗೆ ಹಾಕೋದು?"

ಹದಿನೆಂಟು ವರ್ಷದ ನೌಕರಿಯಲ್ಲಿ ಕೇಶವಮೂರ್ತಿ ಎಂತೆಂಥ ಪೆದ್ದುತನ ಕಂಡಿದ್ದ. ನುಂಗುವ ಮೀನಿಗೆ ಹನ್ನೆರಡು ದಿನ ಮೊಸರನ್ನ ಹಾಕಿ, ಹದಿಮೂರನೆಯ ದಿನ ಉಪವಾಸ ಕೆಡವಿ, ಪಕ್ಕದಲ್ಲೇ ಸಾಹೇಬರ ಮೀನನ್ನು ಬಿಟ್ಟವರನ್ನು ಕಂಡಿರಲಿಲ್ಲ. ಅವನು ಹಣೆ ಒತ್ತಿಕೊಂಡು, ಮೀನನ್ನು ಬಕೆಟ್ಟಿಗೆ ಹಾಕಲು ಹನುಮಂತ್ ಸಿಂಗನಿಗೆ ಹೇಳಿದ.

ಹನುಮಂತ್ ಸಿಂಗ್ ಟವೆಲು ಸುತ್ತಿ ಎತ್ತಿದ. ಮೀನು ಒದ್ದಾಡಿತು, ಬಾಯಿ ತೆರೆದು ಕಕ್ಕಿತು. ಅರ್ಧ ಕರಗಿದ ಬಾಲವೊಂದು, ನಾಣ್ಯದಗಲದ ಬೆಳ್ಳಿ ಹುರುಪೆಗಳು ನೆಲದ ಮೇಲೆ ಬಿದ್ದವು.

"ಜನಾಬ್," ಎಂದ ಹನುಮಂತ್ ಸಿಂಗ್ ಮುಖ ಒರೆಸಿಕೊಳ್ಳುತ್ತ, "ಕಳುವಾದ ಮಾಲು ಸಿಕ್ತು."

"ಇಷ್ಟು ಕರಗ್ಬೇಕಾದ್ರೆ ರಾತ್ರಿಯೇ ನುಂಗಿರ್ಬೇಕು," ಎಂದ ಸುಧಾಕರ.

"ಏಳಕ್ಕೆ ಮೀನಿತ್ತು ಅಂತ ಬರ್ದಿದ್ದೀರಿ," ಎಂದ ಕೇಶವಮೂರ್ತಿ.

ಚಂದ್ರಮೋಹನ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಲೇ ಹೇಳಿದಳು, "ಐದಕ್ಕೆ ನಾನು ಎದ್ದಾಗ ಇವರು ತೊಟ್ಟಿ ಮುಂದೆ ನಿಂತಿದ್ರು. ಅದರ ಬಾಯಿಂದ ಬಾಲ ಆಚೆ ಇತ್ತು. ರತ್ನಾ ಹೆಸರು ಬರ್ದಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ ಸಾರ್. ದೇವರಾಣೆಗೂ ಗೊತ್ತಿರಲಿಲ್ಲ."

ಮಧ್ಯಾಹ್ನ ೨.೧೦ಕ್ಕೆ ಠಾಣೆಯಲ್ಲಿ ಚಂದ್ರಮೋಹನನ ಹೇಳಿಕೆ.

"ಸುಳ್ಳು ದೂರು ಯಾಕೆ?"

"ಕಳವಾದ್ರೆ ಎಫ್‌ಐಆರ್ ಪ್ರತಿ ಲಗತ್ತಿಸಬಹುದು ಸಾರ್. ಮೀನು ಮೀನನ್ನ ತಿಂತು ಅಂದ್ರೆ ಏನು ಲಗತ್ತಿಸ್ಲಿ?"

"ನಿಜ ಹೇಳಬಹುದಿತ್ತು."

"ಡಿಸೆಂಬರಿನಲ್ಲಿ ನನ್ನ ಪ್ರಮೋಷನ್ ಇದೆ. ಹನ್ನೊಂದು ವರ್ಷ ಕಾದಿದ್ದೇನೆ. ಗೋಪ್ಯ ವರದೀಲಿ ಸಾಹೇಬ್ರು 'ಜವಾಬ್ದಾರಿ ಇಲ್ಲ' ಅಂತ ಒಂದೇ ಸಾಲು ಬರೆದ್ರೆ ಮುಗೀತು."

"ಆಕೆಯ ಗತಿ?"

"ಬೇರೆ ಮನೆ ಸಿಗುತ್ತೆ ಅಂದ್ಕೊಂಡೆ."

ಕೇಶವಮೂರ್ತಿ ಪೆನ್ನು ಕೆಳಗಿಟ್ಟ. ಎದುರಿಗೆ ಕೂತವನು ದುಷ್ಟನಾಗಿದ್ದರೆ ಬೈಯಲು ಸುಲಭವಾಗುತ್ತಿತ್ತು. ಕೂತದ್ದು ಹೆದರಿದ ಮನುಷ್ಯ. ತನ್ನ ತಂದೆಯ ಆಫೀಸಿನ ಕಾಲದಿಂದಲೂ ಈ ಹೆದರಿಕೆಯನ್ನು ಕೇಶವಮೂರ್ತಿ ಬಲ್ಲ, ಅದಕ್ಕೇ ಇನ್ನಷ್ಟು ರೇಗಿತು.

"ಒಳಗೆ ಹಾಕೋಣ್ವಾ ಜನಾಬ್?" ಹನುಮಂತ್ ಸಿಂಗ್ ಕೇಳಿದ.

"ಸುಳ್ಳು ಮಾಹಿತಿ, ಸೆಕ್ಷನ್ ೧೮೨. ಕೋರ್ಟ್ ಹೇಳದೆ ಹಿಡಿಯೋ ಹಾಗಿಲ್ಲ. ಮ್ಯಾಜಿಸ್ಟ್ರೇಟರಿಗೆ ವರದಿ ಬರಿ. ಎಫ್‌ಐಆರ್ ರದ್ದತಿಗೂ ಬರಿ."

ಹಾಗಾಗಿ ಆ ದಿನ ಬಂಧನವಾದದ್ದು ಮೀನೊಂದೇ. ಅದು ಠಾಣೆಯ ಹಿತ್ತಲಲ್ಲಿ ನೀಲಿ ಡ್ರಮ್ಮಿನೊಳಗಿತ್ತು. ಕೋರ್ಟ್ ಒಪ್ಪಿದರೆ ಗುಡಗಾಂವಿನ ಕೊಳಕ್ಕೆ ಒಯ್ಯುತ್ತೇನೆ ಎಂದ ಸುಧಾಕರ, ಅಲ್ಲಿಯತನಕ ಮೊಸರನ್ನ ಹಾಕಬೇಡಿ ಎಂದು ಎರಡು ಸಲ ಹೇಳಿ ಹೋದ.

೪.೩೦ಕ್ಕೆ ಕೇಶವಮೂರ್ತಿ ಚಂದ್ರಮೋಹನನನ್ನೂ ರತ್ನಾಳನ್ನೂ ಸೊಸೈಟಿಯ ಗೇಟಿಗೆ ಕರೆದೊಯ್ದ. ಇದು ಯಾವ ಕಾನೂನಿನಲ್ಲೂ ಇರಲಿಲ್ಲ. ಕಾವಲುಗಾರ ಏಕನಾಥ ಪುಸ್ತಕ ತೆರೆದು ಕೊಟ್ಟ. ಕೆಂಪು ಗೆರೆಯ ಕೆಳಗೆ ಚಂದ್ರಮೋಹನ ಹಿಂದಿಯಲ್ಲಿ "ಕಣ್ತಪ್ಪಿನಿಂದಾಗಿ" ಎಂದು ಆರಂಭಿಸಿದ.

"ಅದನ್ನ ಹೊಡೆದು ಹಾಕಿ," ಎಂದ ಕೇಶವಮೂರ್ತಿ. "ಆದದ್ದು ಬರೀರಿ."

ಚಂದ್ರಮೋಹನ ಅದನ್ನು ಹೊಡೆದು ಹಾಕಿ, ಆದದ್ದನ್ನು ಬರೆದು, ಸಹಿ ಹಾಕಿ, ಅಭ್ಯಾಸಬಲದಿಂದ ಕೆಳಗೆ ಹುದ್ದೆಯನ್ನೂ ಬರೆದ.

ರತ್ನಾಗೆ ಓದು ಬಾರದು. "ಜೋರಾಗಿ ಓದು ಭಯ್ಯಾ," ಎಂದಳು.

"ರತ್ನಾ ಕದಿಯಲಿಲ್ಲ. ನಾನು ಸುಳ್ಳು ಹೇಳಿದೆ. ಚಂದ್ರಮೋಹನ, ಸೆಕ್ಷನ್ ಆಫೀಸರ್," ಎಂದು ಏಕನಾಥ ಓದಿದ. ಗೇಟಿನೊಳಗೆ ಬರುತ್ತಿದ್ದ ಇಬ್ಬರು ನಿಂತು ನೋಡಿದರು.

"ಇನ್ನೊಂದು ಸಲ," ಎಂದಳು ರತ್ನಾ.

ಅವನು ಇನ್ನೊಂದು ಸಲ ಓದಿದ. ರತ್ನಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರನ್ನೂ ನೋಡದೆ ಗೇಟು ದಾಟಿದಳು. ಐದು ಮನೆಯ ಪಾತ್ರೆ ಬಿದ್ದಿತ್ತು. ಅವಳು ನಾಲ್ಕು ಮನೆಗೆ ಹೋದಳು.