ಗುರುತಿಲ್ಲದ ಕ್ಯಾಸೆಟ್

ರೈಲು ನಿಲ್ದಾಣದ ಅನೌನ್ಸರ್ ಅಂಗಡಿಗೆ ಕಾಲಿಟ್ಟ ದಿನವೇ ಉಸ್ಸಕ್ಕ ಅವನನ್ನು ಮನುಷ್ಯರ ಪಟ್ಟಿಯಿಂದ ತೆಗೆದುಹಾಕಿದಳು. ರೈಲು ತಡ ಎಂಬ ಒಂದೇ ಸುದ್ದಿಯನ್ನು ದಿನಕ್ಕೆ ನಲವತ್ತು ಸಲ ಜೇನು ಸವರಿ ಹೇಳುವುದೂ ಒಂದು ಕೆಲಸವೇ? ಅದಕ್ಕೆ ಸಂಬಳ ಬೇರೆ ಕೇಡು.

ಹಳೆಯ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಅಂಗಡಿ ಅವಳದು. ಟೇಪಿನೊಳಗಿನ ‘ಉಸ್’ ಎಂಬ ಸದ್ದು ಅವಳ ಆಜನ್ಮ ವೈರಿ. ಗಿರಾಕಿಗಳನ್ನು ಕಂಡಾಗ ಅವಳ ಬಾಯಿಂದ ಹೊರಡುತ್ತಿದ್ದದ್ದೂ ಅದೇ ಸದ್ದು. ಬೀದಿಯವರು ಇಟ್ಟ ಅಡ್ಡಹೆಸರು ಅವಳಿಗೂ ಗೊತ್ತಿತ್ತು, ಬೀದಿಯವರ ಬಗ್ಗೆ ಅವಳಿಗೂ ಅಷ್ಟೇ ಗೌರವವಿತ್ತು. ಮದುವೆಯಾಗುತ್ತೇನೆಂದು ಬಂದಿದ್ದ ಒಬ್ಬನನ್ನು, ಎಡಗಿವಿಯ ಹೆಡ್‌ಫೋನನ್ನು ಬಲಗಿವಿಗೆ ಇಟ್ಟುಕೊಂಡನೆಂದು ಬೇಡವೆಂದವಳು ಅವಳು.

ಅನೌನ್ಸರ್ ಹತ್ತಿರ ಒಂದು ಡಬ್ಬಿ ತುಂಬ ಕ್ಯಾಸೆಟ್ ಇದ್ದವು. ಆದರೆ ಪುಣ್ಯಾತ್ಮ ಒಂದೊಂದೇ ತರುತ್ತಿದ್ದ.

“ಎಲ್ಲ ಒಟ್ಟಿಗೆ ತಂದ್ರೆ ಕೈ ನೋಯುತ್ತಾ?” ಎಂದಳು ಮೂರನೆಯ ವಾರ.

“ಒಟ್ಟಿಗೆ ತಂದ್ರೆ ಒಂದೇ ದಿನಕ್ಕೆ ಮುಗಿದುಹೋಗುತ್ತಲ್ರೀ,” ಎಂದು ಅವನು ಕೌಂಟರಿಗೆ ಮೊಣಕೈ ಊರಿದ.

ಅವಳು ಮುಖ ತಿರುಗಿಸಿದಳು. ಕಿವಿ ಮಾತ್ರ ಬಿಸಿಯಾಯಿತು. ಕಿವಿಯ ಮೇಲೂ ಅವಳಿಗೆ ಸಿಟ್ಟು ಬಂತು.

“ಈ ನಾಯ್ಸ್ ರಿಡಕ್ಷನ್ ಅಂದ್ರೆ ಉಸ್ ಅನ್ನೋದನ್ನ ತೊಳೆದು ತೆಗೆಯೋದಾ?” ಎಂದು ಅವನು ಟೇಪ್ ಡೆಕ್ಕಿನ ಗುಂಡಿಯೊಂದನ್ನು ತೋರಿಸಿ ಕೇಳಿದ.

“ತೊಳೆಯೋಕೆ ಅದೇನು ಪಾತ್ರೇನಾ? ರೆಕಾರ್ಡ್ ಮಾಡುವಾಗಲೇ ಮೆಲ್ಲಗಿರೋ ಸಣ್ಣ ಸದ್ದುಗಳನ್ನ ಮೇಲಕ್ಕೆ ಎತ್ತಿಡ್ತಾರೆ. ಕೇಳುವಾಗ ಅಷ್ಟೇ ಅಳತೆಗೆ ಕೆಳಕ್ಕೆ ಇಳಿಸ್ತಾರೆ. ಮಧ್ಯದಲ್ಲಿ ಟೇಪ್ ಸೇರಿಸಿದ ಉಸ್ ಕೂಡ ಅದರ ಜೊತೆ ಇಳಿದುಹೋಗುತ್ತೆ. ಅಷ್ಟೇ.”

“ಎತ್ತಿದ್ದನ್ನ ಇಳಿಸೋಕೆ ಮರೆತ್ರೆ?”

“ಕೀಚಲು. ಅದಕ್ಕೇ, ಎತ್ತಿ ರೆಕಾರ್ಡ್ ಮಾಡಿದ್ದು ಅಂತ ಲೇಬಲ್ ಮೇಲೆ ಗುರುತು ಹಾಕ್ಬೇಕು. ನಿಮ್ಮಂಥವರು ಹಾಕಲ್ಲ.”

ಕೆಲವು ವಾರಗಳ ನಂತರ ಒಂದು ದಿನ ಅವನು ತಂದಿದ್ದು ಡಬ್ಬಿಯ ಕೊನೆಯ ಕ್ಯಾಸೆಟ್. ಅವನ ತಂದೆ ದರ್ಜಿ, ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ತಾಯಿ ಒಂದು ವರ್ಷ ಬೇರೆ ಊರಲ್ಲಿ ನರ್ಸ್ ಆಗಿದ್ದಾಗ, ಕಾಗದ ಬರೆಯಲು ಸೋಮಾರಿಯಾದ ದರ್ಜಿ ಮಾತನ್ನೇ ತುಂಬಿ ಕಳಿಸಿದ್ದು ಅದರಲ್ಲಿತ್ತು. ಉಳಿದವೆಲ್ಲ ಯಾರೋ ಹಾಡಿದ ಹಾಡುಗಳು. ತಂದೆಯ ದನಿ ಇದ್ದದ್ದು ಇದೊಂದರಲ್ಲೇ.

ಲೇಬಲ್ ಮೇಲೆ ಗುರುತಿರಲಿಲ್ಲ. ಗುರುತಿಲ್ಲದ ಟೇಪನ್ನು ಎರಡು ಸಲ ಕೇಳಬೇಕು, ಗುಂಡಿ ಒತ್ತಿ ಒಮ್ಮೆ, ಒತ್ತದೆ ಒಮ್ಮೆ. ಇದು ಅವಳೇ ಮಾಡಿದ ನಿಯಮ. ಇದನ್ನು ಪಾಲಿಸದ ಬೇರೆ ಅಂಗಡಿಯವರನ್ನು ಅವಳು ಕತ್ತೆಗಳೆಂದು ಕರೆಯುತ್ತಿದ್ದಳು. ಅವತ್ತು ಗುಂಡಿ ಮುಟ್ಟದೆ, ಒಂದೇ ಸಲ ಹಾಕಿ, ಪೆನ್‌ಡ್ರೈವ್ ಕೊಟ್ಟು ಕಳಿಸಿಬಿಟ್ಟಳು.

ಮರುದಿನ ಅವನು ಬಂದಾಗ ಮುಖದಲ್ಲಿ ನಗು ಇರಲಿಲ್ಲ. ಪೆನ್‌ಡ್ರೈವನ್ನೂ ಕ್ಯಾಸೆಟ್ಟನ್ನೂ ಕೌಂಟರಿನ ಮೇಲಿಟ್ಟ.

“ಅಮ್ಮ ಅರ್ಧ ನಿಮಿಷ ಕೇಳಿದ್ರು. ‘ಇದು ನಿಮ್ಮಪ್ಪ ಅಲ್ಲ, ಯಾರೋ ಸಿಡುಕ, ನಿಲ್ಲಿಸು’ ಅಂದ್ರು. ಆಮೇಲೆ ಊಟಾನೇ ಮಾಡ್ಲಿಲ್ಲ. ಆ ಗುಂಡಿ ಏನಾದ್ರೂ...”

“ಮೀನಿಗೆ ಈಜು ಕಲಿಸೋಕೆ ಬಂದ್ರಾ? ಒಂಬತ್ತು ವರ್ಷ ಆದ್ಮೇಲೆ ಎಲ್ಲರ ಗಂಡಂದಿರೂ ಜೇನಿನ ದನಿಯವರೇ ಆಗ್ತಾರೆ. ನಿಮ್ಮಮ್ಮನ ನೆನಪಿಗಿಂತ ನನ್ನ ಮೆಷೀನ್ ವಾಸಿ.”

ಹೇಳಿದ ಮೇಲೆ ಅವಳಿಗೇ ಅತಿಯಾಯಿತು ಅನಿಸಿತು. ಆದರೆ ಬಾಯಿಂದ ಬಿದ್ದಾಗಿತ್ತು.

“ನಿಮ್ಮ ಮೆಷೀನಿಗೆ ನಮ್ಮಪ್ಪ ಗೊತ್ತಿರಲಿಲ್ಲ ರೀ. ಅಮ್ಮನಿಗೆ ಗೊತ್ತಿದ್ರು,” ಎಂದು ಅವನು ಹೊರಟುಹೋದ. ಕ್ಯಾಸೆಟ್ ಅಲ್ಲೇ ಉಳಿಯಿತು.

ನಾಲ್ಕು ದಿನ ಅವನು ಬರಲಿಲ್ಲ. ನಿಲ್ದಾಣದ ಧ್ವನಿವರ್ಧಕ ಅಂಗಡಿಯವರೆಗೂ ಕೇಳಿಸುತ್ತಿತ್ತು. ರೈಲು ತಡ ಎಂದು ಅವನು ಈಗ ಬರಿಯ ರೈಲು ತಡ ಎಂಬಂತೆಯೇ ಹೇಳುತ್ತಿದ್ದ. ಉಸ್ಸಕ್ಕ ಎರಡು ಸಲ ಕಿಟಕಿ ಮುಚ್ಚಿದಳು, ಎರಡು ಸಲವೂ ತಾನೇ ಎದ್ದು ತೆರೆದಳು.

ಐದನೆಯ ದಿನ, ಆ ತಾಯಿ-ಮಗನ ಮೂರ್ಖತನವನ್ನು ಸಾಬೀತು ಮಾಡಿಯೇ ತೀರುತ್ತೇನೆಂದು ಕ್ಯಾಸೆಟ್ ಹಾಕಿದಳು. ಜಗಳಗಂಟನೊಬ್ಬ ಹಲ್ಲು ಕಡಿಯುತ್ತ ಮಾತಾಡುತ್ತಿದ್ದ. ‘ಸ’ಕಾರಗಳೆಲ್ಲ ಕಿವಿಗೆ ಚುಚ್ಚುತ್ತಿದ್ದವು. ನೋಡು, ಇವನೇ ಅವಳ ಗಂಡ, ಅಂದುಕೊಂಡು ಗುಂಡಿ ಒತ್ತಿದಳು.

ಜಗಳಗಂಟ ಎದ್ದುಹೋದ. ಅವನ ಜಾಗದಲ್ಲಿ ಒಬ್ಬ ಮೃದು ಮನುಷ್ಯ ಬಂದು ಕೂತ. “ಕೇಳಿಸ್ತಾ ಇದೆಯೇನೇ? ಕಿಟಕಿಗೆ ಪರದೆ ಹೊಲಿದೆ. ಊರಿಗೆಲ್ಲ ಅಳತೆ ತಗೊಳ್ಳೋನು, ಸ್ವಂತ ಮನೇದು ಒಂದು ಪಕ್ಕ ಗಿಡ್ಡ ಮಾಡಿಟ್ಟಿದೀನಿ. ಬಿಚ್ಚಲ್ಲ, ಹಾಗೇ ಬಿಟ್ಟಿರ್ತೀನಿ. ನೀನೇ ಬಂದು ಬೈಯಿ.”

ಉಸ್ಸಕ್ಕ ಟೇಪ್ ನಿಲ್ಲಿಸಿದಳು. ಮೊದಲ ವಾಕ್ಯಕ್ಕೇ ಗೊತ್ತಾಗಬೇಕಿದ್ದ ತಪ್ಪು. ಕಿವುಡರಿಗೂ ಗೊತ್ತಾಗುತ್ತಿತ್ತು. ತನಗೆ ಯಾಕೆ ಗೊತ್ತಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗ ಅವಳಿಗೆ ತನ್ನ ಮೇಲೆ ಎಂಥ ತಿರಸ್ಕಾರ ಬಂತೆಂದರೆ, ಬೇರೆಯವರ ಮೇಲೆ ಅಷ್ಟು ಯಾವತ್ತೂ ಬಂದಿರಲಿಲ್ಲ.

ಸಂಜೆ ಡೆಕ್ಕನ್ನು ತಬ್ಬಿಕೊಂಡು ಅವರ ಮನೆಯ ಮೂರು ಮಹಡಿ ಹತ್ತಿದಳು. ಬಾಗಿಲು ತೆರೆದ ಅನೌನ್ಸರ್ ಡೆಕ್ ಇಳಿಸಿಕೊಳ್ಳಲು ಕೈ ಚಾಚಿದ. ತಾಯಿ ಕುರ್ಚಿಯ ತುದಿಯಲ್ಲಿ ಕೂತರು. ಪರದೆಯ ಮಾತು ಬಂದಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, “ಬೈಯ್ಯಲೇ ಇಲ್ಲ ಕಣ್ರೀ ನಾನು,” ಎಂದು ಡೆಕ್ಕಿಗೇ ಹೇಳಿದರು. ಕ್ಯಾಸೆಟ್ಟಿನ ಒಂದು ಪಕ್ಕ ಮುಗಿಯಿತು.

“ಹೋದ ಸಲ ಯಾಕಮ್ಮ ಹಾಗಾಯ್ತು?” ಎಂದು ತಾಯಿ ಕಣ್ಣೊರೆಸಿಕೊಂಡು ಕೇಳಿದರು.

ಟೇಪ್ ಹಳೆಯದು, ಹೆಡ್ ಕೊಳೆಯಾಗಿತ್ತು, ಹೀಗೆ ಎರಡು ಸುಳ್ಳು ನಾಲಗೆಯ ತುದಿಯಲ್ಲೇ ಇದ್ದವು. ಎರಡೂ ಅವಳಿಗೆ ಅಸಹ್ಯವೆನಿಸಿದವು.

“ಕೇಳಿಸ್ಕೊಂಡಿದ್ರೆ ಗೊತ್ತಾಗ್ತಿತ್ತು ಅಮ್ಮ. ನಾನು ಟೇಪ್ ಕೇಳಿಸ್ಕೊಳ್ಳಲೇ ಇಲ್ಲ. ನಿಮ್ಮ ಮಗ ಪಕ್ಕದಲ್ಲಿ ನಿಂತಿದ್ರು. ಅವರು ಉಸಿರಾಡ್ತಾ ಇದ್ರು. ನಾನು ಅದನ್ನೇ ಕೇಳ್ತಾ ಕೂತಿದ್ದೆ.”

ಮಾತಾಡುವುದೇ ಹೊಟ್ಟೆಪಾಡಾದ ಮನುಷ್ಯ ಬಾಯಿ ತೆರೆದು ಹಾಗೇ ನಿಂತ. ತಾಯಿ ಅವನನ್ನು ನೋಡಿದರು, ಅವಳನ್ನು ನೋಡಿದರು.

“ಇನ್ನೊಂದು ಪಕ್ಕ ನಾನೊಬ್ಬಳೇ ಕೇಳ್ಕೋತೀನಿ. ನೀವಿಬ್ಬರೂ ಆಚೆ ನಡೀರಿ.”

ಮೆಟ್ಟಿಲ ಬಳಿ ಅವನಿಗೆ ದನಿ ಮರಳಿ ಬಂತು. “ನನ್ನ ಬಗ್ಗೆ ನಿಮಗೆ ಬಹಳ ಕೆಟ್ಟ ಅಭಿಪ್ರಾಯ ಅಂದ್ಕೊಂಡಿದ್ದೆ.”

“ಇತ್ತು. ಈಗ ಅದೆಲ್ಲ ನನ್ನ ಬಗ್ಗೆ ಇದೆ. ನಿಮ್ಮಮ್ಮನ ನೆನಪಿನ ಬಗ್ಗೆ ಹಾಗೆ ಅಂದಿದ್ದು ತಪ್ಪು. ಕ್ಷಮಿಸಿ.” ಆ ಕೊನೆಯ ಪದವನ್ನು ಅವಳು ಜೀವನದಲ್ಲಿ ಎಷ್ಟು ಸಲ ಬಳಸಿದ್ದಳೋ, ಎಣಿಸಲು ಒಂದು ಕೈಯ ಬೆರಳೇ ಹೆಚ್ಚು.

ಅವನು ಮೆಟ್ಟಿಲ ಕಂಬಿಗೆ ಮೊಣಕೈ ಊರಿದ. “ಕ್ಯಾಸೆಟ್ ಎಲ್ಲ ಮುಗೀತು ರೀ. ನಾಳೆಯಿಂದ ಅಂಗಡಿಗೆ ಬರೋಕೆ ನನಗೆ ಕಾರಣ ಇಲ್ಲ. ಸುಮ್ನೆ ಬರ್ಲಾ?”

“ಬನ್ನಿ,” ಎಂದಳು. ಅದು ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಭಯವಾಯಿತು. ಕೆಳಗಿನ ಮಹಡಿಯವರು ಬಾಗಿಲು ತೆಗೆದು ನೋಡುವಷ್ಟು ಜೋರಾಗಿ ಇನ್ನೊಮ್ಮೆ ಹೇಳಿದಳು, “ಬನ್ನಿ ರೀ!”